ಸ್ವ ಇಚ್ಛೆಯಿಂದ

ನಾಚಾರಂದ ಕಾರ್ಖಾನೆ ಒಂದೇ ದಿನ ಹತ್ತೊಂಬತ್ತು ಮಂದಿಯನ್ನು ಮನೆಗೆ ಕಳಿಸಿತು. ಹದಿನೆಂಟು ಮಂದಿ ‘ತೆಗೆದುಹಾಕಲಾಗಿದೆ’ ಎಂಬ ಕಾಗದ ಹಿಡಕೊಂಡು ಗೇಟು ದಾಟಿದರು. ನಮ್ಮ ಮನೆಯವರು ಬಂಡೆಪ್ಪ ಮಾತ್ರ ರಾಜೀನಾಮೆ ಬರೆದುಕೊಟ್ಟು ಬಂದರು.

“ಇಪ್ಪತ್ತೆರಡು ವರ್ಷ ಮಶೀನಿಗೆ ಕೈಮುಗದು ಕೆಲಸಾ ಸುರು ಮಾಡಿದಾಂವ. ತಗದುಹಾಕ್ಯಾರ ಅನ್ನಿಸ್ಕೊಂಡು ಬರ್ಲೇನು? ನಾನಾಗೇ ಬಿಟ್ಟೀನಿ ಅಂತ ಬರಕೊಟ್ಟೆ, ಬಸಲಿಂಗಿ.”

“ಚಲೋ ಮಾಡಿದ್ರಿ” ಅಂದೆ. ಅದು ನನ್ನ ಬಾಯಿಂದಲೇ ಬಂದ ಮಾತು. ಈಗ ತಪ್ಪನ್ನು ಯಾರ ಮೇಲೆ ಹಾಕಲಿ?

ಮಗಳು ಪಿಂಕಿ ಹತ್ತನೆಯ ತರಗತಿಗೆ ಬಂದಿದ್ದಳು. ಅವಳ ಶಾಲೆಯ ಟ್ರಸ್ಟಿನಲ್ಲಿ ಒಂದು ನಿಯಮವಿತ್ತು. ತಂದೆಯ ನೌಕರಿ ಹೋದರೆ ಹಳೆಯ ಬಾಕಿಯೂ ಆ ವರ್ಷದ ಫೀಸೂ ಮಾಫಿ. ಕಂಪನಿಯ ಕಾಗದ ತೋರಿಸಬೇಕು. ಇವರು ಹಣೆಗೆ ವಿಭೂತಿ ಹಚ್ಚಿಕೊಂಡು ರಾಜೀನಾಮೆಯ ನಕಲು ಒಯ್ದರು. ನಾನೂ ಹೋದೆ. ಆಫೀಸಿನ ಶರ್ವರಿ ಮೇಡಂ ನಮ್ಮಂತೆ ಬೀದರ ಕಡೆಯಿಂದ ಈ ಊರಿಗೆ ಬಂದವರೇ. ಓದಿ ಕನ್ನಡಕ ತೆಗೆದಿಟ್ಟರು.

“ಇದರಾಗ ಸ್ವ ಇಚ್ಛೆಯಿಂದ ಅಂತ ಐತಲ್ರಿ, ಬಂಡೆಪ್ಪನವರ. ತಾವಾಗೇ ಬಿಟ್ಟವರಿಗೆ ಮಾಫಿ ಇಲ್ರಿ.”

“ಅದು ಮರ್ಯಾದಿಗೆ ಬರದದ್ರಿ.”

“ನನಗ ತಿಳೀತೈತ್ರಿ. ಕಮಿಟಿಗೆ ಏನಂತ ಹೇಳ್ಲಿ? ಬ್ಯಾರೆ ಕಾಗದಾ ತರ್ರಿ. ಶನಿವಾರ ಕಡೀ ದಿನ.”

ಮರುದಿನ ಇವರು ನಾಚಾರಂಗೆ ಹೋದರೆ ಕಾರ್ಖಾನೆಯೇ ಮುಚ್ಚಿ ಗೇಟಿಗೆ ಬೀಗ. ಮ್ಯಾನೇಜರ್ ಫೋನೂ ಬಂದ್. ಜೊತೆಗೆ ಕೆಲಸ ಮಾಡುತ್ತಿದ್ದ ಯಶವಂತ ಚಹಾದ ಅಂಗಡಿಯಲ್ಲಿ ಸಿಕ್ಕು ನಕ್ಕನಂತೆ.

“ನಾವೆಲ್ಲಾ ಒದಿಸ್ಕೊಂಡು ಬಂದ್ವಿ, ನೀ ರಾಜಾನಂಗ ಹೊಂಟಿ. ರಾಜಾಗ ಯಾಂವ ಸರ್ಟಿಫಿಕೇಟ್ ಕೊಡ್ತಾನೋ?” ಆಮೇಲೆ ದನಿ ಇಳಿಸಿ, “ನನ್ನ ಕಾಗದಾ ತಗೋ. ಹೆಸರಿನ ಮ್ಯಾಲ ನಿನ್ನ ಹೆಸರು ಅಂಟಿಸಿ ಝೆರಾಕ್ಸ್ ತಗಸು. ಅಬಿಡ್ಸ್‌ನ್ಯಾಗ ಝೆರಾಕ್ಸ್ ಅಂಗಡಿಯವರು ಬರೋಬ್ಬರಿ ಮಾಡ್ತಾರ.”

ಆ ಕಾಗದವನ್ನು ಇವರು ಮನೆಗೆ ತಂದರು. ಶುಕ್ರವಾರ ಸಂಜೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರು. ದಿನಾ ಅವರು ವಚನ ಹೇಳುವಾಗ ನಾನೂ ಪಿಂಕಿಯೂ ಬಾಗಿಲಿಗೆ ಒರಗಿ ಕೇಳುತ್ತೇವೆ. ಅವತ್ತು ಅರ್ಧಕ್ಕೇ ನಿಂತಿತು. ಮುಂದಿನ ಸಾಲು ನನಗೆ ಬರುತ್ತಿತ್ತು, ಹೇಳಿಕೊಡಲಿಲ್ಲ.

“ಅಪ್ಪಾ, ನಾಳೆ ಅಬಿಡ್ಸ್‌ಗೆ ನಾನೂ ಬರ್ಲೇನು?”

ಅವರು ಲಿಂಗ ನೋಡುತ್ತಲೇ ಅಂದರು, “ಇದನ್ನ ಹಿಡಿಯೋ ಕೈಲೆ ಅದನ್ನ ಹೆಂಗ ಹಿಡೀಲವ್ವಾ?”

ಪಿಂಕಿ ನನ್ನ ಕಡೆ ನೋಡಿದಳು. ಆ ಗಳಿಗೆಯಲ್ಲಿ ನನಗೆ ಲಿಂಗಕ್ಕಿಂತ ಮಗಳ ಮುಖವೇ ದೊಡ್ಡದಾಗಿ ಕಂಡಿತು. ನಾನೇ ಒಯ್ಯುತ್ತೇನೆ, ಕೊಡ್ರಿ ಅನ್ನಬಹುದಿತ್ತು. ಅನ್ನಲಿಲ್ಲ. ಬೆಳಿಗ್ಗೆ ಅವರು ಯಶವಂತನ ಕಾಗದ ತಿರುಗಿ ಕೊಟ್ಟು ಬಂದರು.

ಶನಿವಾರ ಹೋಯಿತು. ಸರಕಾರಿ ಶಾಲೆಗಾದರೂ ಹಾಕೋಣವೆಂದರೆ, ಬಾಕಿ ತೀರುವವರೆಗೆ ಟಿ.ಸಿ. ಇಲ್ಲ ಅಂದರು ಈ ಶಾಲೆಯವರು. ಇವರು ಎಷ್ಟು ಕಾರ್ಖಾನೆಗಳ ಗೇಟಿನಲ್ಲಿ ಕೆಲಸ ಕೇಳಿದರೂ, ವಯಸ್ಸಾಯಿತು ಅಂತ ಎಲ್ಲಿಯೂ ಒಳಗೆ ಬಿಡಲಿಲ್ಲ.

ಈಗ ನಾನು ಜೋಳದ ರೊಟ್ಟಿ ಬಡಿಯುತ್ತೇನೆ. ಪಿಂಕಿ, ನಾನು ಬಸ್ಸಿನಲ್ಲಿ ಕೊಂಡಾಪುರದ ಅಪಾರ್ಟ್‌ಮೆಂಟುಗಳಿಗೆ ಒಯ್ಯುತ್ತೇವೆ. ಮೊನ್ನೆ, ಶಾಲೆಯ ಪ್ರಾರ್ಥನೆಯ ಹೊತ್ತಿಗೆ, ಮಧುರಾ ಎಂಬ ನಮ್ಮ ಕಡೆಯ ಹೆಣ್ಣುಮಗಳು ಬಾಗಿಲು ತೆರೆದು ಕೇಳಿದಳು.

“ಯಾಕ ಪುಟ್ಟಾ, ಸಾಲಿಗೆ ಹೋಗಂಗಿಲ್ಲೇನು?”

ಪಿಂಕಿ ರೊಟ್ಟಿಯ ಗಂಟು ಬಿಚ್ಚುತ್ತ, ತಲೆ ಎತ್ತಿ, ಅವರಪ್ಪನ ಧಾಟಿಯಲ್ಲೇ ಹೇಳಿದಳು, “ನಾನಾಗೇ ಬಿಟ್ಟೀನ್ರಿ, ಆಂಟಿ.”