ಬಾಗಿಲು ತೆರೆದಿಟ್ಟು ಕೇಳಿದ ಗುಳಿಗೆ

ಮದರ್ ಬೀಗೆ ನಿದ್ದೆ ಇರಲಿಲ್ಲ.

ಸ್ತನದ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಇನ್ನು ಗುಣವಾಗುವ ಮಾತಿಲ್ಲವೆಂದು ದೊಡ್ಡಾಸ್ಪತ್ರೆಯವರು ಮನೆಗೆ ಕಳಿಸಿದ್ದರು. ಮಗ ದಾದಾಪೀರ್ ಚಳ್ಳಕೆರೆಯಲ್ಲಿ ಬಸ್ ಮೆಕ್ಯಾನಿಕ್. ಲಾರಿಯ ಹಳೇ ಟ್ಯೂಬಿಗೆ ಅರ್ಧ ಗಾಳಿ ತುಂಬಿ ತಾಯಿಯ ಬೆನ್ನಿಗಿಟ್ಟಿದ್ದ. ಮಲಗಲಾಗದ ಮದರ್ ಬೀ ಹಗಲೂ ರಾತ್ರಿ ಅದಕ್ಕೇ ಒರಗಿ ಕೂತಿರುತ್ತಿದ್ದಳು. ನಲವತ್ತೊಂದು ದಿನದಿಂದ ಊರಿನ ನರ್ಸಿಂಗ್ ಹೋಮಿನ ಡಾಕ್ಟರ್ ಶಶಿಕಾಂತ್ ಕೊಡುತ್ತಿದ್ದ ಸಾದಾ ನೋವಿನ ಗುಳಿಗೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ಬಿ.ಜಿ. ಕೆರೆಯ ಜಗದಾಂಬ, ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡುವ ನರ್ಸ್. ಟ್ಯೂಬ್ ನೋಡಿ ಅಂದಳು: "ಟ್ಯೂಬೇನೋ ಚೆನ್ನಾಗೈತಣ್ಣ. ಆದ್ರೆ ಈ ನೋವಿಗೆ ಬೇಕಾಗಿರೋದು ಮಾರ್ಫಿನ್. ಶಶಿಕಾಂತ್ ಡಾಕ್ಟ್ರು ತರಬೇತಿ ತಗೊಂಡವ್ರೆ, ನರ್ಸಿಂಗ್ ಹೋಮಿಗೆ ಅನುಮತಿನೂ ಐತೆ. ಬರಿಯಲ್ಲ ಅಷ್ಟೆ. ಹೋಗಿ ಕೇಳು."

"ಅದು ನಶೆ ಅಲ್ವೇನಕ್ಕ? ನಮ್ಮಲ್ಲಿ ಹರಾಮು."

ಮದರ್ ಬೀ ಕೂತಲ್ಲಿಂದಲೇ ಗದರಿದಳು. "ಅಲ್ಲಾಹ್‌ಗೆ ಜವಾಬು ನಾನು ಕೊಡ್ತೀನಿ. ನೀನು ಗುಳಿಗೆ ತಾ."

ದಾದಾಪೀರ್ ಹೋದ. ಗುರುತಿನವರ ಕೆಲಸಕ್ಕೆ ಅವನು ಎಂದೂ ಬಿಲ್ ಬರೆದವನಲ್ಲ. ಚೀಟಿ ಕೇಳಿದರೆ ನಂಬಿಕೆಯಿಲ್ಲವೆಂದೇ ಅವನ ಗ್ಯಾರೇಜಿನ ಲೆಕ್ಕ. ಅದೇ ಮರ್ಯಾದೆಯನ್ನು ಡಾಕ್ಟರಿಗೂ ತೋರಿಸಿದ. ಕೋಣೆಯ ಬಾಗಿಲು ಹಾಕಿ, ದನಿ ತಗ್ಗಿಸಿ, "ಚೀಟಿ ಗೀಟಿ ಬ್ಯಾಡ ಸಾರ್, ಕೈಗೆ ಕೊಟ್ಬಿಡ್ರಿ. ಸತ್ರೂ ಬಾಯ್ ಬಿಡಲ್ಲ," ಎಂದ.

ಶಶಿಕಾಂತ್ ಮುಖ ಬಿಳಿಚಿಕೊಂಡಿತು. "ಮೊದ್ಲು ಆ ಬಾಗಿಲು ತೆಗಿಯಪ್ಪಾ!"

ಗುಳಿಗೆ ಸಿಗಲಿಲ್ಲ, ಅವಮಾನ ಬೇರೆ. ದಾದಾಪೀರ್ ಯಾರಿಗೂ ಹೇಳಲಿಲ್ಲ. ಹನ್ನೆರಡು ದಿನದ ಮೇಲೆ ಜಗದಾಂಬ ಮತ್ತೆ ಬಂದಾಗ ಸಂಗತಿ ಹೊರಬಿತ್ತು. ಅವಳು ಹಣೆ ಚಚ್ಚಿಕೊಂಡಳು.

"ಅಯ್ಯೋ ಮಾರಾಯ, ಕಳ್ಳಮಾಲು ಕೇಳ್ದಂಗೆ ಕೇಳಿದ್ಯಲ್ಲೋ! ಚೀಟಿ ಇಲ್ದೆ ಕೊಟ್ರೇನೇ ಅವ್ರ ಕುತ್ತಿಗೆಗೆ ಬರೋದು. ನಡಿ, ಎಲ್ಲಾ ಕಾಗ್ದ ತಗೋ."

ದಾದಾಪೀರನ ಹೆಂಡತಿ ಶಮಾ ಕೂಡ ಹೊರಟಳು. ಈ ಸಲ ಬಾಗಿಲು ತೆರೆದೇ ಇತ್ತು.

"ಕಾನೂನು ನಂಗೂ ಗೊತ್ತು ಸಿಸ್ಟರ್," ಎಂದರು ಶಶಿಕಾಂತ್. "ನನ್ನ ಗೆಳೆಯನೊಬ್ಬ ಸರಿಯಾಗೇ ಕೊಟ್ಟಿದ್ದ. ಯಾರೋ ದೂರು ಹಾಕಿದ್ರು. ವೈದ್ಯಕೀಯ ಮಂಡಳಿಯಿಂದ ನೋಟಿಸ್ ಬಂತು. ತಪ್ಪಿಲ್ಲ ಅಂತ ಆದೇಶ ಬರೋಕೆ ಹದಿನಾಲ್ಕು ತಿಂಗಳು. ಈಗ ಅವನು ಆ ಔಷಧಿ ಹೆಸರೆತ್ತಲ್ಲ. ನಾನೂ ಎತ್ತಲ್ಲ."

"ಕೊನೆಗೆ ಅವ್ರನ್ನ ಉಳಿಸಿದ್ದೇನು ಸಾರ್?" ಜಗದಾಂಬ ಕೇಳಿದಳು.

"ರಿಜಿಸ್ಟರ್. ಒಂದೊಂದು ಗುಳಿಗೇನೂ ಬರೆದಿಟ್ಟಿದ್ದ."

ಶಮಾ ಗ್ಯಾರೇಜಿನಲ್ಲಿ ರಿಪೇರಿ ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡುಗಳ ಕಟ್ಟೊಂದನ್ನು ಮೇಜಿನ ಮೇಲಿಟ್ಟಳು. ಅತ್ತೆಗೆ ನೋವು ಎದ್ದ ಹೊತ್ತನ್ನೆಲ್ಲ ಅವುಗಳ ಹಿಂಬದಿಯಲ್ಲಿ ಬರೆದಿದ್ದಳು. "ನಾನೂ ಬರ್ದಿಟ್ಟೀನಿ ಸಾರ್. ಎಲ್ಲಿ ಸಹಿ ಹಾಕ್ಬೇಕು ಹೇಳ್ರಿ."

ಶಶಿಕಾಂತ್ ಕಾರ್ಡುಗಳನ್ನು ಒಂದೂ ಬಿಡದೆ ಓದಿದರು. ಬೀಗದ ಬೀರುವಿನಿಂದ ರಿಜಿಸ್ಟರ್ ತೆಗೆದರು. ರೋಗಿಗಳ ಪುಟ ಖಾಲಿಯಿತ್ತು. ಮೊದಲ ಸಾಲಿನಲ್ಲಿ ಮದರ್ ಬೀ ಹೆಸರು ಬರೆದರು. "ಹೇಳಿದ ಹೊತ್ತಿಗೆ, ಹೇಳಿದಷ್ಟೇ ಕೊಡಿ. ಮಲ ಕಟ್ಟುತ್ತೆ, ಅದಕ್ಕೂ ಬರೆದಿದ್ದೀನಿ. ಬೇರೆಯವರಿಗೆ ಒಂದು ಗುಳಿಗೇನೂ ಕೊಡಬೇಡಿ. ಉಳಿದಿದ್ದು ವಾಪಸ್ ತನ್ನಿ."

ಮೂರನೇ ದಿನ ಮದರ್ ಬೀ ಕಾಲು ಚಾಚಿ ಮಲಗಿದಳು. ಎದ್ದಾಗ ಮಧ್ಯಾಹ್ನವಾಗಿತ್ತು. ಎರಡು ತುತ್ತು ಉಂಡು, "ಶಮಾ, ಸಾರಿಗೆ ಉಪ್ಪಿಲ್ಲ," ಎಂದಳು. ಆಮೇಲೆ ಮಗನಿಗೆ: "ಈ ಟ್ಯೂಬ್ ಒಯ್ಯೋ. ರಬ್ಬರ್ ವಾಸ್ನೆ."

ಕಾಯಿಲೆ ಗುಣವಾಗಿಲ್ಲ, ಆಗುವುದೂ ಇಲ್ಲ. ನರಳಾಟ ಮಾತ್ರ ನಿಂತಿದೆ.

ನಿಮ್ಮ ಮನೆಯಲ್ಲೂ ಹೀಗೆ ನರಳುವವರಿದ್ದರೆ ಕಾಗದಪತ್ರ ಹಿಡಿದು ಹೋಗಿ, ಬಾಗಿಲು ತೆರೆದಿಟ್ಟು ಕೇಳಿ. ಅನುಮತಿ ಪಡೆದ ಆಸ್ಪತ್ರೆಯಲ್ಲಿ ತರಬೇತಿ ಪಡೆದ ವೈದ್ಯರು ನಿಯಮದಂತೆ ಮಾರ್ಫಿನ್ ಕೊಡುವುದಕ್ಕೆ ಕಾನೂನಿನ ಒಪ್ಪಿಗೆಯಿದೆ. ಇಲ್ಲಿ ಸಿಗದಿದ್ದರೆ ಎಲ್ಲಿ ಸಿಗುತ್ತದೆಂದು ಬರೆಸಿಕೊಂಡೇ ಬನ್ನಿ. ಮಂಡಳಿಯವರಿಗೂ ಒಂದು ಮಾತು: ನಿಯಮ ಪಾಲಿಸಿದವರು ಹೆದರಬೇಕಿಲ್ಲವೆಂದು ವೈದ್ಯರಿಗೆ ಬರೆದು ತಿಳಿಸಿ. ದೂರುಗಳನ್ನು ಬೇಗ ಮುಗಿಸಿ.

ಡಾಕ್ಟರ ಅಂಜಿಕೆಗೆ ಹೋದದ್ದು ನಲವತ್ತೊಂದು ದಿನ. ದಾದಾಪೀರನ ಗುಟ್ಟಿಗೆ ಹನ್ನೆರಡು. ಮಾರ್ಫಿನ್ ಸಿಗುವ ಮೊದಲು ಮದರ್ ಬೀ ಕೂತೇ ಕಳೆದದ್ದು ಒಟ್ಟು ಐವತ್ತಮೂರು ದಿನ.