ಗೋಡೆ ನೆಟ್ಟಗೇ ಇತ್ತು

ಅಮರಯ್ಯ ಗೌಂಡಿ ಒಬ್ಬನೇ ಕೂತು ಬುತ್ತಿ ಉಣ್ಣಲು ಶುರು ಮಾಡಿ ಹದಿನೈದು ದಿನವಾಯಿತು. ಮೂವತ್ತು ವರ್ಷ ಆ ಬುತ್ತಿಯಲ್ಲಿ ಅರ್ಧ ಗುರುಶಾಂತನದು. ಇಬ್ಬರೂ ಯಾದಗಿರಿ ಕಡೆಯವರು, ದುಡಿಯಲು ಒಂದೇ ರೈಲಿನಲ್ಲಿ ಬಂದು ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದವರು. ಹೆಂಡತಿ ತೀರಿಕೊಂಡ ಮೇಲೆ ಅಮರಯ್ಯನಿಗೆ ಈ ಊರಲ್ಲಿ ನನ್ನವನು ಅಂತ ಇದ್ದದ್ದು ಅವನೊಬ್ಬನೇ.

ಜಗಳ ಆದದ್ದು ನಾರಾಯಣಗೂಡದಲ್ಲಿ ಒಂದು ಮನೆ ಕಟ್ಟುವ ಕೆಲಸದಲ್ಲಿ. ಗುರುಶಾಂತ ಕಟ್ಟಿದ ಗೋಡೆಗೆ ಅಮರಯ್ಯ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು, ಎಂದಿನಂತೆ ಎಡಗಣ್ಣು ಮುಚ್ಚಿ ನೋಡಿದ.

"ಗ್ವಾಡಿ ಡೊಂಕ ಐತಿ, ಕೆಡವು."

"ನೆಟ್ಟಗ ಐತೋ ಮಾರಾಯ. ನಿನ್ನ ಕಣ್ಣು ತೋರಿಸ್ಕೋ."

"ನಿನಗ ಕೆಲಸಾನ ಬರಂಗಿಲ್ಲ!" ಎಲ್ಲರೆದುರು ಅಂದುಬಿಟ್ಟ ಅಮರಯ್ಯ. ಗುರುಶಾಂತ ಗಾರೆ ಹಚ್ಚುವ ಕರಣಿ ತೊಳೆದುಕೊಂಡು ಹೋದವನು ಮತ್ತೆ ಬರಲಿಲ್ಲ.

ಒಂದು ಸಂಜೆ ಓಣಿಯ ಸರ್ಕಾರಿ ಬಸ್ತಿ ದವಾಖಾನದ ಆಶಾ ಕಾರ್ಯಕರ್ತೆ ಶಿವದೇವಿ ಅಮರಯ್ಯನ ಕೋಣೆಗೆ ಬಂದಳು. "ಯಾಕ್ರಿ ಕಾಕಾ, ಒಬ್ಬರ ಕುಂತೀರಿ?"

ಅಮರಯ್ಯ ಎಡಗಣ್ಣು ಮುಚ್ಚಿ ಬಾಗಿಲ ಕಡೆ ನೋಡಿದ. "ಈ ಬಾಗಿಲ ಚೌಕಟ್ಟೂ ಡೊಂಕ ನೋಡವ್ವಾ. ಊರಾಗ ಯಾರಿಗೂ ಕೆಲಸ ಬರಂಗಿಲ್ಲ."

"ಬಲಗಣ್ಣು ಮುಚ್ಚಿ ನೋಡ್ರಿ."

ಚೌಕಟ್ಟು ನೆಟ್ಟಗಿತ್ತು.

"ಈಗ ಎಡಗಣ್ಣು ಮುಚ್ಚಿ ನನ್ನ ಕಡೆ ನೋಡ್ರಿ."

ಅವಳ ಸೀರೆ ಕಂಡಿತು, ಕೈ ಕಂಡಿತು. ಮುಖವಿರುವಲ್ಲಿ ಮಸಿಯಂಥ ಕಲೆ. ಅಮರಯ್ಯ ಕಣ್ಣು ತಿಕ್ಕಿಕೊಂಡ.

"ಪೊರೆ ಬಂದಿರಬೇಕು. ಹೊಸ ಚಷ್ಮಾ ಹಾಕಿದ್ರ ಆತು," ಎಂದ.

"ಪೊರೆ ಬಂದ್ರ ಎಲ್ಲಾ ಮಬ್ಬಾಗ್ತದ ಕಾಕಾ, ಗೆರಿ ಡೊಂಕಾಗಂಗಿಲ್ಲ. ಇದು ಕಣ್ಣಿನ ಹಿಂದಿನ ಪರದೆ ಜಡ್ಡು ಇರಬಹುದು. ಚಷ್ಮಾದಿಂದ ಹೋಗಂಗಿಲ್ಲ. ನಾಳೆನ ದೊಡ್ಡ ಕಣ್ಣಿನ ದವಾಖಾನಿಗೆ ಹೋಗ್ರಿ. ಹನಿ ಹಾಕಿ ಪರದೆ ನೋಡ್ತಾರ, ಸ್ಕ್ಯಾನ್ ಮಾಡ್ತಾರ. ಹನಿ ಹಾಕಿದ ಮ್ಯಾಲ ದಾರಿ ಸರಿ ಕಾಣಂಗಿಲ್ಲ, ಜೊತಿಗೆ ಒಬ್ಬರನ್ನ ಕರಕೊಂಡು ಹೋಗ್ರಿ."

ಜೊತೆಗೆ ಯಾರಿದ್ದಾರೆ?

ಅವಳು ಹೋದ ಮೇಲೆ ಗುರುಶಾಂತನ ಬಾಗಿಲಲ್ಲಿ ಹೋಗಿ ನಿಂತ. "ನಿನ್ನ ಗ್ವಾಡಿ ನೆಟ್ಟಗ ಇತ್ತಪಾ. ನನ್ನ ಕಣ್ಣ ಕೆಟ್ಟಾವ. ನಾಳೆ ದೊಡ್ಡ ದವಾಖಾನಿಗೆ ಹೋಗಬೇಕು, ಜೊತಿಗೆ ಒಬ್ಬರು ಬೇಕಂತ."

ಗುರುಶಾಂತ ಸರಿದು ಅವನಿಗೆ ಕೂರಲು ಜಾಗ ಮಾಡಿದ. "ಮುಂಜಾನಿ ಎಷ್ಟಕ್ಕ ಹೋಗೂಣು?" ಎಂದ.

ಮರುದಿನ ಬಲಗಣ್ಣಿನ ಪರದೆಯ ನಡುಭಾಗದಲ್ಲಿ ನೀರು ಸೋರುತ್ತಿರುವುದು ಸ್ಕ್ಯಾನಿನಲ್ಲಿ ಕಂಡಿತು. ಡಾಕ್ಟರು ಕಣ್ಣಿಗೆ ಇಂಜೆಕ್ಷನ್ ಶುರು ಮಾಡಿ, ಹೊಗೆ ಈ ಪರದೆಗೆ ಕೆಟ್ಟದ್ದೆಂದು ಅವನ ಬೀಡಿ ಬಿಡಿಸಿದರು. ಹೋದ ನೋಟವೆಲ್ಲ ಮರಳುತ್ತದೆ ಎಂದು ಅವರು ಹೇಳಲಿಲ್ಲ. ಇರುವುದನ್ನು ಉಳಿಸಲು ನೋಡೋಣ ಎಂದರು. ಈಗ ತೂಕದ ಗುಂಡು ಹಿಡಿಯುವವನು ಗುರುಶಾಂತ. ಬುತ್ತಿ ಮತ್ತೆ ಅರ್ಧ ಅರ್ಧ.

ಅಣ್ಣಾ, ಅಕ್ಕಾ, ಐವತ್ತು ದಾಟಿದೆಯೇ? ಈಗಲೇ ಒಂದು ಕಣ್ಣು ಮುಚ್ಚಿ ಬಾಗಿಲ ಚೌಕಟ್ಟು ನೋಡಿ, ಆಮೇಲೆ ಇನ್ನೊಂದು ಮುಚ್ಚಿ. ಗೆರೆ ಬಾಗಿ ಕಂಡರೆ, ನಡುವೆ ಕಲೆ ಕಂಡರೆ, ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನಿಮ್ಮ ಓಣಿಯಲ್ಲಿ ಯಾರಾದರೂ ಒಬ್ಬರೇ ಕೂತಿದ್ದರೆ, ಅವರ ಜೊತೆ ಕಣ್ಣಿನ ದವಾಖಾನೆಗೆ ನೀವು ಹೋಗಿ.