ಖಾಲಿ ಹೋಗದ ಡಬ್ಬಿ

ಕೆಂಗೇರಿಯ ಆ ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ವರ್ಷದ ಕೊನೆಗೆ ಕೃತಜ್ಞತಾ ಕೂಟ ನಡೆಯುತ್ತದೆ. ಅದಕ್ಕೊಂದು ಕಟ್ಟುಪಾಡಿದೆ. ದೇವರಿಗೆ ವಂದನೆಯನ್ನು ಎಲ್ಲರೂ ಒಟ್ಟಿಗೆ ಹೇಳಬಹುದು. ಮನುಷ್ಯರಿಗೆ ಹೇಳುವುದಾದರೆ ಹೆಸರು ಹಿಡಿದು, ಅವರ ಮುಖ ನೋಡಿಯೇ ಹೇಳಬೇಕು. ಕೊರೊನಾದ ವರ್ಷವೂ ಕೂಟ ತಪ್ಪಲಿಲ್ಲ. ಪ್ರಾರ್ಥನಾ ಮಂದಿರದ ಒಳಗೆ ಬೇಡವೆಂದು ಹೊರಗೆ ಹೊಂಗೆ ಮರಗಳ ಕೆಳಗೆ ದೂರ ದೂರ ಕುರ್ಚಿ ಹಾಕಿದ್ದರು.

ಸಸ್ಯಶಾಸ್ತ್ರ ಕಲಿಸುವ ಸುಗಂಧಿ ಮೇಡಂ ಮಡಿಲಲ್ಲಿ ಬಟ್ಟೆಯ ಚೀಲವೊಂದನ್ನು ಇಟ್ಟುಕೊಂಡು ಕೂತಿದ್ದರು. ಅವರು ಹೇಳಬೇಕಿದ್ದ ಹೆಸರು ಗಣಿತದ ಪುರುಷೋತ್ತಮ ಅವರದು. ಕ್ವಾರ್ಟರ್ಸಿನಲ್ಲಿ ಇಬ್ಬರದೂ ಅಕ್ಕಪಕ್ಕದ ಮನೆ. ಮೇಡಂ ಮನೆಯ ನಿಂಬೆಗಿಡ ತಮ್ಮ ಅಂಗಳಕ್ಕೆ ಎಲೆ ಉದುರಿಸುತ್ತದೆಂದು ಅವರು ಒಂದು ಮಾತೂ ಕೇಳದೆ ಕೊಂಬೆ ಕಡಿಸಿದ್ದರು. ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತ್ತು.

ಆಗಸ್ಟಿನಲ್ಲಿ ಮೇಡಂಗೆ ಕೊರೊನಾ ಬಂತು. ಮೊದಲ ಸಂಜೆಯೇ ಗೇಟಿನಲ್ಲಿ ಈ ಚೀಲ ನೇತಾಡುತ್ತಿತ್ತು. ಒಳಗೊಂದು ಸ್ಟೀಲ್ ಡಬ್ಬಿ, ಅದರಲ್ಲಿ ಬಿಸಿ ಗಂಜಿ. ತೊಳೆಯುವಾಗ ತಳದಲ್ಲಿ ಕೊರೆಸಿದ್ದ ಹೆಸರು ಕಂಡಿತು: ಪುರುಷೋತ್ತಮ. ಮೇಡಂ ಡಬ್ಬಿಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದರು. ಖಾಲಿ ಡಬ್ಬಿ ಹಿಂದಿರುಗಿಸುವ ಅಭ್ಯಾಸ ಅವರ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕುದಿವ ನೀರಿನಲ್ಲಿ ತೊಳೆದು, ಗಿಡದ ನಿಂಬೆಹಣ್ಣು ತುಂಬಿ ಗೇಟಿಗೆ ತೂಗುಹಾಕಿದರು. ಹಣ್ಣು ಹೋಯಿತು, ಡಬ್ಬಿ ಮತ್ತೆ ತುಂಬಿ ಬಂತು. ಒಂದು ದಿನ ತಿಳಿಸಾರು, ಒಂದು ದಿನ ಮೆತ್ತಗೆ ಬೇಯಿಸಿದ ಅನ್ನ. ಬಾಯಿಗೆ ರುಚಿ ತಿಳಿಯುತ್ತಿರಲಿಲ್ಲ, ಬಿಸಿ ತಿಳಿಯುತ್ತಿತ್ತು. ಗುಣವಾಗುವವರೆಗೂ ಅದು ತಪ್ಪಲಿಲ್ಲ. ಕೊನೆಯ ಸಲ ಬಂದ ಡಬ್ಬಿಯನ್ನು ತಾವೇ ಕೊಟ್ಟು ಬರೋಣವೆಂದು ಇಟ್ಟುಕೊಂಡವರಿಗೆ ಪಕ್ಕದ ಬಾಗಿಲು ತಟ್ಟಲು ಕೈ ಬಂದಿರಲಿಲ್ಲ.

ಅವರ ಸರದಿ ಬಂತು. ಎದ್ದು ನಿಂತರು.

"ಪುರುಷೋತ್ತಮ್ ಸಾರ್, ನಾನು ಮಲಗಿದ್ದಾಗ ದಿನಾ ಊಟ ಕಳಿಸಿದ್ರಿ. ಮನೆಗೆ ಬಂದು ಹೇಳಕ್ಕೆ ನಂಗೆ ಬಿಗುಮಾನ. ಇವತ್ತು ಎಲ್ಲರ ಮುಂದೆ ಹೇಳ್ತಾ ಇದೀನಿ."

ಜನ ಚಪ್ಪಾಳೆ ತಟ್ಟಿದರು. ಪುರುಷೋತ್ತಮ ಎದ್ದರು. ತಲೆಯಾಡಿಸಿ ಕೂತುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಕೂರಲಿಲ್ಲ.

"ಕಳಿಸಿದ್ದು ನಾನಲ್ಲ ಮೇಡಂ. ನಿಮಗೆ ಕೊರೊನಾ ಅಂತ ಗೊತ್ತಾದ ದಿನ ನಾನು ನಿಮ್ಮ ಕಡೆ ಕಿಟಕಿ ಮುಚ್ಚಿಸ್ದೆ."

ಮೇಡಂ ಚೀಲದಿಂದ ಡಬ್ಬಿ ತೆಗೆದು ತಳ ತೋರಿಸಿದರು. ಡಬ್ಬಿಯೇನೋ ತಮ್ಮದೇ ಎಂದರು ಪುರುಷೋತ್ತಮ. ಮೊದಲ ಲಾಕ್‌ಡೌನಿನಲ್ಲಿ ಹಾಸ್ಟೆಲಿನಲ್ಲಿ ಸಿಕ್ಕಿಕೊಂಡ ಮಕ್ಕಳಿಗೆ ಮನೆಯವರು ಅದರಲ್ಲಿ ಚಿತ್ರಾನ್ನ ಕಳಿಸಿದ್ದರು, ಡಬ್ಬಿ ವಾಪಸ್ ಬಂದಿರಲಿಲ್ಲ.

ಆಗ ಹಿಂದಿನ ಸಾಲಿನಲ್ಲಿ ಹಾಸ್ಟೆಲಿನ ಅಡುಗೆಯ ದಾನಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ವಿಜಯಪುರದ ಕಡೆಯವಳು.

"ಅದು ನಮ್ಮ ಅಡಗಿಮನ್ಯಾಗ ಉಳದಿತ್ರೀ ಅಕ್ಕಾರ. ನಿಮ್ಮ ಸಾಲಿನ ಮನಿಯಿಂದ ಬಂದಿದ್ದು, ನಿಮ್ಮದ ಅನ್ಕೊಂಡೆ. ತಳ ಯಾರು ನೋಡ್ತಾರ್ರೀ? ನಿಮಗ ಆರಾಮಿಲ್ಲ ಅಂದ್ರು, ಖಾಲಿ ಹೆಂಗ ಕೊಡೂದಂತ ಗಂಜಿ ಹಾಕಿ ಕಳಿಸಿದೆ. ನೀವು ನಿಂಬಿಹಣ್ಣ ಇಟ್ಟು ಹೊಳ್ಳಿ ಕಳಿಸಿದ್ರಿ. ಮತ್ತ ನಾ ಖಾಲಿ ಕಳಿಸ್ಲೇನು?"

ಚೀಲ ಹೊತ್ತು ಓಡಾಡಿದ್ದ ವಾಚ್‌ಮನ್ ಶ್ರೀಶೈಲ ತಲೆ ಕೆರೆದುಕೊಂಡ. ಗೇಟಿನಲ್ಲಿ ಚೀಲ ಕಂಡರೆ, ಅದು ದಾನಮ್ಮನಿಗೇ ಎಂದು ಒಯ್ಯುತ್ತಿದ್ದನಂತೆ. ಮಾಸ್ಕುಗಳ ಹಿಂದಿನಿಂದ ನಗು ಹೊರಟು ಮರದ ಕೆಳಗೆಲ್ಲ ಹರಡಿತು. ಆ ವರ್ಷ ಅಷ್ಟು ಜನ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಮೇಡಂ ಕಟ್ಟುಪಾಡು ಬಿಡಲಿಲ್ಲ. ಹಿಂದಿನ ಸಾಲಿನವರೆಗೂ ನಡೆದುಹೋಗಿ, ದಾನಮ್ಮನ ಮುಖ ನೋಡಿ, ಅವಳ ಹೆಸರು ಹಿಡಿದು ಮತ್ತೊಮ್ಮೆ ಮೊದಲಿನಿಂದ ಹೇಳಿದರು.

ಕೂಟ ಮುಗಿದ ಮೇಲೆ ಪುರುಷೋತ್ತಮ ಸಂಕೋಚದಿಂದಲೇ ಡಬ್ಬಿಗೆ ಕೈ ಚಾಚಿದರು. ಮೇಡಂ ಅದನ್ನು ಹಿಂದಕ್ಕೆಳೆದುಕೊಂಡರು. ಖಾಲಿಯಿದೆ, ಆಮೇಲೆ ತರುತ್ತೇನೆ ಎಂದರು.

ಸಂಜೆ ಬಿಸಿ ಚಿತ್ರಾನ್ನ ತುಂಬಿಕೊಂಡು ಪಕ್ಕದ ಗೇಟು ತೆರೆದರು. ಪುರುಷೋತ್ತಮ ಗೋಡೆಯ ಬಳಿ ಗಿಡವನ್ನೇ ನೋಡುತ್ತ ನಿಂತಿದ್ದರು. ಕಡಿದ ಜಾಗದಲ್ಲಿ ಕೊಂಬೆ ಚಿಗುರಿ ಮತ್ತೆ ಇತ್ತ ಬಾಗಿತ್ತು.

"ಈ ಸಲ ಇರ್ಲಿ ಬಿಡಿ ಮೇಡಂ. ಎಲೆ ನಾನೇ ಗುಡಿಸ್ಕೋತೀನಿ." ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ಡಬ್ಬಿ ನಾಳೆ ವಾಪಸ್ ಕೊಡ್ತೀನಿ."

ಡಬ್ಬಿ ತಮ್ಮದೇ ಎಂಬುದು ಆಮೇಲೆ ನೆನಪಾಗಿ ಪೆಚ್ಚಾಗಿ ನಿಂತರು.

"ಕೊಡಿ ಸಾರ್," ಎಂದರು ಸುಗಂಧಿ ಮೇಡಂ.